ಬೆಂಗಳೂರಿಗಿಂತ ಮೊದಲು ನಮ್ಮ ಕಡೆ ಟಿವಿ ಬಂದಿತ್ತು

ಒಂದು ಕ್ವಿಜ್ ಪ್ರಶ್ನೆಯಿಂದ ಶುರು ಮಾಡ್ತೀನಿ. ಗೂಗಲ್ ನೋಡೋ ಹಾಗಿಲ್ಲ. ಕರ್ನಾಟಕದಲ್ಲಿ ಜನ ಮೊಟ್ಟಮೊದಲು ದಿನಾ ಕೂತು ಟಿವಿ ನೋಡಿದ್ದು ಎಲ್ಲಿ?

ಆಫೀಸಲ್ಲಿ ಊಟದ ಹೊತ್ತಿಗೆ ಈ ಪ್ರಶ್ನೆ ಕೇಳಿದಾಗಲೆಲ್ಲ ಬರೋ ಉತ್ತರ ಬೆಂಗಳೂರು. ಸ್ವಲ್ಪ ತಲೆ ಕೆರ್ಕೊಳ್ಳೋರು ಮೈಸೂರು ಅಂತಾರೆ, ‘ಆಕಾಶವಾಣಿ’ ಶುರುವಾಗಿದ್ದು ಅಲ್ಲೇ ಅಲ್ವಾ ಅನ್ನೋ ಲೆಕ್ಕದಲ್ಲಿ. ಕಲಬುರಗಿ ಅಂತ ಇಲ್ಲಿಯವರೆಗೆ ಒಬ್ಬರೂ ಹೇಳಿಲ್ಲ. ತಮಾಷೆ ಏನಂದ್ರೆ ಕಲಬುರಗಿಯವರೂ ಹೇಳಿಲ್ಲ.

ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ದೆಹಲಿಗೆ ಟಿವಿ ಬಂದದ್ದು 1959ರಲ್ಲಿ. ಮುಂಬೈಗೆ 1972ರಲ್ಲಿ, ಶ್ರೀನಗರ ಮತ್ತು ಅಮೃತಸರಕ್ಕೆ 1973ರಲ್ಲಿ. ಕೋಲ್ಕತ್ತಕ್ಕೆ 1975ರ ಆಗಸ್ಟ್ 9ಕ್ಕೆ. ಮದ್ರಾಸಿಗೆ ಅದೇ ಆಗಸ್ಟ್ 15ಕ್ಕೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ. ನಮ್ಮ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳಲ್ಲಿ ಟಿವಿ ಶುರುವಾದದ್ದು 1975ರ ಆಗಸ್ಟ್ 1ಕ್ಕೆ. ಮದ್ರಾಸಿಗಿಂತ ಎರಡು ವಾರ ಮೊದಲು, ಬೆಂಗಳೂರಿಗಿಂತ ಆರು ವರ್ಷ ಮೂರು ತಿಂಗಳು ಮೊದಲು. ಅದೂ ಯಾವುದೋ ಗೋಪುರದಿಂದ ಅಲ್ಲ, ನೇರವಾಗಿ ಉಪಗ್ರಹದಿಂದ.

ಯಾವ ಫೋನ್ ತಗೋಬೇಕು, ಯಾವ ಇಯರ್‌ಬಡ್ಸ್ ಚೆನ್ನಾಗಿದೆ, ಸ್ಮಾರ್ಟ್ ಟಿವಿಗೆ ಅಷ್ಟು ದುಡ್ಡು ಹಾಕಬೇಕಾ ಅಂತ ನೀವೆಲ್ಲ ನನ್ನ ಕೇಳ್ತಾ ಇರ್ತೀರಿ. ನಾನೂ ಏನೋ ಒಂದು ಹೇಳ್ತಾ ಇರ್ತೀನಿ. ಈ ಸಲ ಐವತ್ತು ವರ್ಷ ಹಳೇ ಪ್ರಾಡಕ್ಟ್ ಒಂದರ ರಿವ್ಯೂ ಬರೀತೀನಿ. ಅದು ಅಂಗಡಿಯಲ್ಲಿ ಸಿಗೋದಲ್ಲ. ಆದ್ರೆ ಇವತ್ತು ಬೆಂಗಳೂರಲ್ಲಿ ಕೂತು ‘ಭಾರತ’ಕ್ಕಾಗಿ ಆ್ಯಪ್ ಮಾಡೋ ನಮ್ಮಂಥವರು ಓದಲೇಬೇಕಾದ ಕೇಸ್ ಸ್ಟಡಿ ಅದು.

ಅದರ ಹೆಸರು ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್. ಮೊದಲಕ್ಷರ ಸೇರಿಸಿ ‘ಸೈಟ್’ ಅಂತಿದ್ರು. ಬೆಂಗಳೂರಲ್ಲಿ ಸೈಟ್ ಅಂದ ಕೂಡಲೇ ಎಲ್ಲರಿಗೂ ಮೂವತ್ತು-ನಲವತ್ತು ನೆನಪಾಗುತ್ತೆ. ಇದು ಆ ಸೈಟ್ ಅಲ್ಲ.

ಯಾಕೆ ನಮಗೆ?

ಆಳಂದ, ಅಫಜಲಪುರ, ಜೇವರ್ಗಿ. ಈ ಮೂರು ತಾಲೂಕಿನ ಹೆಸರು ನೀವು ಪೇಪರಲ್ಲಿ ಓದಿರೋದು ಬರಗಾಲದ ಸುದ್ದಿಯಲ್ಲಿ, ಇಲ್ಲಾ ಭೀಮಾ ನದಿ ಪ್ರವಾಹದ ಸುದ್ದಿಯಲ್ಲಿ, ಇಲ್ಲಾ ತೊಗರಿ ರೇಟಿನ ಸುದ್ದಿಯಲ್ಲಿ. ಆಳಂದದಿಂದ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರ. ಅಫಜಲಪುರದ ಕಡೆಯವರಿಗೆ ಬೆಂಗಳೂರು ಅನ್ನೋದು ಒಂದು ರಾತ್ರಿಯ ಪ್ರಯಾಣ, ಸೊಲ್ಲಾಪುರ ಅನ್ನೋದು ಸಂತೆಗೆ ಹೋಗಿಬಂದಷ್ಟು ಸಲೀಸು. ಇಂಥ ಜಿಲ್ಲೆಗೆ ಟಿವಿ ಮೊದಲು ಹೇಗೆ ಬಂತು?

ಹಿಂದುಳಿದಿತ್ತು ಅನ್ನೋ ಕಾರಣಕ್ಕೇ ಬಂತು.

ಇದರ ಹಿಂದಿನ ತಲೆ ವಿಕ್ರಮ್ ಸಾರಾಭಾಯಿ ಅವರದು. ಅವರ ವಾದ ಸರಳವಾಗಿತ್ತು. ಟಿವಿಯನ್ನು ದೊಡ್ಡ ಪಟ್ಟಣಗಳಿಂದ ಶುರು ಮಾಡಿ ಗೋಪುರದ ಮೇಲೆ ಗೋಪುರ ಕಟ್ಟುತ್ತಾ ಹೋದರೆ ಹಳ್ಳಿಗೆ ಮುಟ್ಟೋದಕ್ಕೆ ದಶಕಗಳು ಬೇಕು. ಉಪಗ್ರಹಕ್ಕೆ ಆ ತೊಂದರೆ ಇಲ್ಲ. ಅದು 36,000 ಕಿ.ಮೀ. ಎತ್ತರದಲ್ಲಿ ನಿಂತರೆ ದೆಹಲಿಯೂ ಒಂದೇ, ಭೀಮಾ ದಂಡೆಯ ಹಳ್ಳಿಯೂ ಒಂದೇ. ಹಾಗಾಗಿ ಅತೀ ಕಷ್ಟದ ಜಾಗಕ್ಕೇ ಮೊದಲು ಹೋಗೋಣ ಅಂದರು. 1969ರ ಸೆಪ್ಟೆಂಬರಿನಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ನಾಸಾಕ್ಕೂ ಒಪ್ಪಂದ ಆಯ್ತು: ಉಪಗ್ರಹ ಅವರದು, ನೆಲದ ಮೇಲಿನದೆಲ್ಲ ನಮ್ಮದು. 1971ರ ಡಿಸೆಂಬರಿನಲ್ಲಿ ಸಾರಾಭಾಯಿ ತೀರಿಕೊಂಡರು. ಮುಂದೆ ಅಹಮದಾಬಾದಿನಲ್ಲಿ ಯಶ್ ಪಾಲ್, ಏಕನಾಥ ಚಿಟ್ನಿಸ್ ಅಂಥವರು ಈ ಕೆಲಸ ಮುಂದುವರಿಸಿದರು.

ಒಟ್ಟು ಆರು ರಾಜ್ಯ, 20 ಜಿಲ್ಲೆ, ಸುಮಾರು 2,400 ಹಳ್ಳಿ. ಆಂಧ್ರ, ಬಿಹಾರ, ಮಧ್ಯಪ್ರದೇಶ, ಒಡಿಶಾ, ರಾಜಸ್ಥಾನ, ಆಮೇಲೆ ಕರ್ನಾಟಕ. ಕರ್ನಾಟಕದಿಂದ ಆರಿಸಿದ ಜಿಲ್ಲೆಗಳು ಮೂರು: ಗುಲ್ಬರ್ಗಾ, ಬಿಜಾಪುರ, ರಾಯಚೂರು. ಹೆಸರು ನೋಡಿದ ಕೂಡಲೇ ನಿಮಗೆ ಗೊತ್ತಾಗುತ್ತೆ, ಇದು ಯಾವ ಪಟ್ಟಿ ಅಂತ. ಇಪ್ಪತ್ತೇಳು ವರ್ಷ ಆದಮೇಲೆ, 2002ರಲ್ಲಿ, ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ‘ಅತ್ಯಂತ ಹಿಂದುಳಿದ’ ತಾಲೂಕುಗಳ ಪಟ್ಟಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇದ್ದವು. ಟಿವಿ ಎಲ್ಲರಿಗಿಂತ ಮೊದಲು ನೋಡಿದ ಜಿಲ್ಲೆ, ಉಳಿದ ಎಲ್ಲದರಲ್ಲೂ ಎಲ್ಲರಿಗಿಂತ ಹಿಂದೆ. ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅನ್ನೋದೇ ನನ್ನ ಪ್ರಶ್ನೆ.

ಹಾರ್ಡ್‌ವೇರ್

ಮೊದಲು ಹೊಗಳಿಬಿಡ್ತೀನಿ. ಎಂಜಿನಿಯರಿಂಗ್ ಮಟ್ಟಿಗೆ ಇದಕ್ಕೆ ಐದಕ್ಕೆ ಐದು.

ಉಪಗ್ರಹದ ಹೆಸರು ಎಟಿಎಸ್-6. 1974ರ ಮೇ 30ಕ್ಕೆ ಹಾರಿತು. ಮೊದಲ ಒಂದು ವರ್ಷ ಅಮೆರಿಕದ ಗುಡ್ಡಗಾಡಿನ ಜನರಿಗೆ, ಅಲಾಸ್ಕಾದವರಿಗೆ ಶಿಕ್ಷಣ ಮತ್ತು ಆರೋಗ್ಯದ ಪ್ರಯೋಗಗಳಿಗೆ ಕೆಲಸ ಮಾಡಿ, 1975ರಲ್ಲಿ ಆಫ್ರಿಕಾದ ಮೇಲಕ್ಕೆ, 35 ಡಿಗ್ರಿ ಪೂರ್ವ ರೇಖಾಂಶಕ್ಕೆ, ಸರಿದು ಬಂತು. ಜುಲೈನಲ್ಲಿ ಅಮೆರಿಕ ಮತ್ತು ಸೋವಿಯತ್ ಗಗನಯಾತ್ರಿಗಳು ಬಾಹ್ಯಾಕಾಶದಲ್ಲಿ ಕೈಕುಲುಕಿದ ಅಪೋಲೊ–ಸೋಯುಜ್ ಹಾರಾಟಕ್ಕೆ ಸಂಪರ್ಕ ಕೊಟ್ಟದ್ದೂ ಇದೇ ಉಪಗ್ರಹ. ಅದಾಗಿ ಎರಡು ವಾರಕ್ಕೆ ನಮ್ಮ ಕಡೆಯ ಸಾಲಿ ಹುಡುಗರಿಗೆ ಪಾಠ ಕಳಿಸ್ತಾ ಇತ್ತು.

ಆಗಿನ ಸಾಮಾನ್ಯ ಉಪಗ್ರಹಗಳ ಸಿಗ್ನಲ್ ಎಷ್ಟು ದುರ್ಬಲ ಅಂದರೆ, ಅದನ್ನು ಹಿಡಿಯೋದಕ್ಕೆ ಪುಣೆ ಹತ್ತಿರದ ಆರ್ವಿಯಲ್ಲಿ ಸುಮಾರು 30 ಮೀಟರ್ ಅಗಲದ ಡಿಶ್ ಕಟ್ಟಬೇಕಾಯ್ತು. ಹಳ್ಳಿಗೊಂದು ಅಂಥದ್ದು ಕಟ್ಟೋಕೆ ಆಗುತ್ತಾ? ಎಟಿಎಸ್-6 ಈ ಲೆಕ್ಕವನ್ನೇ ತಿರುಗಿಸಿತು. ದೊಡ್ಡ ಆಂಟೆನಾ ಮೇಲೆ ಹೋಯ್ತು. ಮಡಚಿದ ಛತ್ರಿ ಥರ ಹೋಗಿ, ಮೇಲೆ ಬಿಚ್ಚಿಕೊಂಡು ಒಂಬತ್ತು ಮೀಟರ್ ಅಗಲ ಆಯ್ತು. ಹಾಗಾಗಿ ಕೆಳಗೆ ಹಳ್ಳಿಯಲ್ಲಿ ಮೂರು ಮೀಟರಿನದು ಸಾಕಾಯ್ತು. ಅದನ್ನು ಮಾಡಿದ್ದು ಯಾವುದರಿಂದ ಗೊತ್ತಾ? ಕೋಳಿ ಗೂಡಿಗೆ ಹೊಡಿತಾರಲ್ಲ, ಆ ತಂತಿ ಜಾಲರಿಯಿಂದ.

ಇದು ಜುಗಾಡ್ ಅಲ್ಲ, ಶುದ್ಧ ಫಿಸಿಕ್ಸ್. ಸಿಗ್ನಲ್ ಬರ್ತಾ ಇದ್ದದ್ದು 860 ಮೆಗಾಹರ್ಟ್ಜ್‌ನಲ್ಲಿ, ಅಂದರೆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಜಾಲರಿಯ ತೂತು ಅದಕ್ಕಿಂತ ಬಹಳ ಸಣ್ಣದು. ಹಾಗಾಗಿ ಆ ಅಲೆಗೆ ಜಾಲರಿಯೂ ಒಂದೇ, ತಗಡೂ ಒಂದೇ. ಎರಡಕ್ಕೂ ಬಡಿದು ವಾಪಸ್ ಬರುತ್ತೆ. ಗಾಳಿಗೆ ಮಾತ್ರ ತೂತು ತೂತೇ, ದಾಟಿ ಹೋಗುತ್ತೆ. ನಮ್ಮ ಕಡೆಯ ಬಯಲಲ್ಲಿ ಮುಂಗಾರಿಗೆ ಮೊದಲು ಬೀಸೋ ಗಾಳಿ ನೋಡಿದವರಿಗೆ ಇದರ ಬೆಲೆ ಗೊತ್ತು. ಹತ್ತಡಿಯ ತಗಡಿನ ಡಿಶ್ ಇಟ್ಟಿದ್ರೆ ಒಂದೇ ಗಾಳಿಗೆ ಪಕ್ಕದ ಹೊಲದಲ್ಲಿ ಇರ್ತಿತ್ತು.

ಟಿವಿ ಸೆಟ್ ಮಾಡಿಕೊಟ್ಟದ್ದು ಹೈದರಾಬಾದಿನ ಇಸಿಐಎಲ್. ಕಪ್ಪು-ಬಿಳುಪು ಸೆಟ್, ಜೊತೆಗೆ ಉಪಗ್ರಹದ ಸಿಗ್ನಲ್ಲನ್ನು ಟಿವಿಗೆ ಒಗ್ಗಿಸೋ ಒಂದು ಡಬ್ಬಿ. ಇವತ್ತಿನ ಸೆಟ್-ಟಾಪ್ ಬಾಕ್ಸಿನ ಮುತ್ಯಾ ಅನ್ನಬಹುದು. ಕರೆಂಟ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿ ಮೇಲೆ ಓಡಿಸಿದರು. ಸೆಟ್ ಇಡ್ತಾ ಇದ್ದದ್ದು ಸಾಲಿಯಲ್ಲೋ ಪಂಚಾಯ್ತಿಯಲ್ಲೋ, ಎಲ್ಲರೂ ಬಂದು ಕೂತ್ಕೊಳ್ಳೋ ಜಾಗದಲ್ಲಿ. ಹಳ್ಳಿಗಳನ್ನು ಗುಂಪು ಗುಂಪಾಗಿ ಆರಿಸಿದ್ದಕ್ಕೆ ಒಂದು ಕಾರಣ ರಿಪೇರಿ: ಸೆಟ್ ಕೆಟ್ಟರೆ ಮೆಕ್ಯಾನಿಕ್ ಜೀಪಿನಲ್ಲಿ ಹೋಗಿ ಮುಟ್ಟಬೇಕಲ್ಲ. ಎಲ್ಲಿ ಮಾರಾಟ ಆಗುತ್ತೆ ಅನ್ನೋದಕ್ಕಿಂತ ಮೊದಲು ಎಲ್ಲಿ ರಿಪೇರಿ ಆಗುತ್ತೆ ಅಂತ ಯೋಚನೆ ಮಾಡಿದ ಗ್ಯಾಜೆಟ್ ಆಮೇಲೆ ನಾನು ಹೆಚ್ಚು ನೋಡಿಲ್ಲ.

ನಮ್ಮ ದೊಡ್ಡಪ್ಪ ಆಗ ಹುಡುಗ. ಅವರ ಅಕ್ಕನ್ನ ಕೊಟ್ಟ ಊರಲ್ಲಿ ಸೆಟ್ ಇತ್ತಂತೆ. ಹೇಗಿತ್ತು ದೊಡ್ಡಪ್ಪ ಅಂತ ಕೇಳಿದರೆ ಅವರು ಚಿತ್ರದ ಮಾತೇ ಎತ್ತಲಿಲ್ಲ. “ತಮ್ಮಾ, ಸಾಲಿ ಅಂಗಳದಾಗ ಕೋಳಿ ಜಾಳಿಗಿ ಮುಗಲಿಗಿ ಮಾರಿ ಮಾಡಿ ನಿಲ್ಲಿಸಿದ್ರು. ಇವರು ಕೋಳಿ ಹಿಡಿತಾರೋ, ಹಕ್ಕಿ ಹಿಡಿತಾರೋ ಅಂತ ನಾವು ನಗಾಡ್ತಿದ್ವಿ” ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಹೆಣ್ಮಕ್ಕಳು, ಗಂಡಸ್ರು, ಊರ ಗೌಡ್ರು, ಎಲ್ಲಾರೂ ಒಂದೇ ಅಂಗಳದಾಗ ಕುಂತಿದ್ದು ನಾ ಅವಾಗೇ ನೋಡಿದ್ದು” ಅಂದ್ರು.

ಕಂಟೆಂಟ್

ದಿನಕ್ಕೆ ಸುಮಾರು ನಾಲ್ಕು ಗಂಟೆ ಪ್ರಸಾರ. ಬೆಳಗ್ಗೆ ಒಂದೂವರೆ ಗಂಟೆ 5ರಿಂದ 12 ವರ್ಷದ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಭಾಷೆ ನಾಲ್ಕು: ಹಿಂದಿ, ಒಡಿಯಾ, ತೆಲುಗು, ಕನ್ನಡ. ಬೆಳಗಿನ ಹೊತ್ತನ್ನು ನಾಲ್ಕು ಭಾಷೆಗೂ ಸಮಾ ಹಂಚಿದ್ದರಿಂದ ಕನ್ನಡದ ಮಕ್ಕಳಿಗೆ ಸಿಗ್ತಾ ಇದ್ದದ್ದು ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ. ಸಂಜೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ, ಸುದ್ದಿ. ಸಾಲಿ ಮಾಸ್ತರರಿಗೆ ರಜೆಯಲ್ಲಿ ಟಿವಿ ಮೂಲಕವೇ ವಿಜ್ಞಾನ ಕಲಿಸೋ ತರಬೇತಿ ಬೇರೆ.

ನನಗೆ ಬಹಳ ಹಿಡಿಸಿದ ಫೀಚರ್ ಒಂದಿದೆ. ಎಟಿಎಸ್-6 ಒಂದು ಚಿತ್ರದ ಜೊತೆಗೆ ಎರಡು ಧ್ವನಿ ಕಳಿಸಬಹುದಿತ್ತು. ಅಂದರೆ ಚಿತ್ರ ಒಂದೇ, ಮಾತು ಎರಡು ಭಾಷೆಯಲ್ಲಿ. ಇವತ್ತು ಒಟಿಟಿಯಲ್ಲಿ ಸಿನಿಮಾ ಹಾಕಿ ‘ಆಡಿಯೊ: ಕನ್ನಡ’ ಅಂತ ಒತ್ತುತ್ತೀರಲ್ಲ, ಆ ಐಡಿಯಾ ನಮ್ಮ ಹಳ್ಳಿಗಳಿಗೆ 1975ರಲ್ಲೇ ಬಂದಿತ್ತು.

ಇನ್ನು ಕಡಿಮೆ ಅಂಕ ಕೊಡೋ ಜಾಗಕ್ಕೆ ಬರೋಣ. ಕಾರ್ಯಕ್ರಮ ತಯಾರಿಸೋ ಕೇಂದ್ರಗಳು ಇದ್ದದ್ದು ಮೂರೇ: ದೆಹಲಿ, ಕಟಕ್, ಹೈದರಾಬಾದ್. ಮಕ್ಕಳ ವಿಜ್ಞಾನದ ಕೆಲವನ್ನು ಇಸ್ರೋದವರೇ ಮುಂಬೈಯಲ್ಲಿ ಮಾಡಿದರು. ಕರ್ನಾಟಕದಲ್ಲಿ ಒಂದೂ ಇರಲಿಲ್ಲ. ನಮ್ಮ ಕನ್ನಡ ಕಾರ್ಯಕ್ರಮ ತಯಾರಾಗ್ತಾ ಇದ್ದದ್ದು ಹೈದರಾಬಾದಿನಲ್ಲಿ.

ಇದಕ್ಕೆ ಒಂದು ಹಳೇ ಎಳೆ ಇದೆ. 1948ರವರೆಗೆ ನಮ್ಮ ಮೂರು ತಾಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1935ರಿಂದ ಅಲ್ಲಿ ಡೆಕ್ಕನ್ ರೇಡಿಯೊ ಇತ್ತು, ಅದರಲ್ಲಿ ಉರ್ದುವಿನದೇ ಜೋರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1966ರಲ್ಲಿ ಗುಲ್ಬರ್ಗಾಕ್ಕೆ ಆಕಾಶವಾಣಿ ಬಂತು. ನಮ್ಮ ಮಾತು, ನಮ್ಮ ಕಡೆಯ ಭಜನಾ ಪದ ರೇಡಿಯೊದಲ್ಲಿ ಕೇಳಿಸೋಕೆ ಶುರುವಾದದ್ದು ಆಗ. ಅದಾಗಿ ಒಂಬತ್ತು ವರ್ಷಕ್ಕೆ ಹೊಸ ಮಾಧ್ಯಮ ಬಂದಾಗ ದನಿ ಮತ್ತೆ ಹೈದರಾಬಾದಿಗೆ ಹೋಯ್ತು. ಹೈದರಾಬಾದಿನಲ್ಲಿ ಮಾಡಿದ್ದು ಕೆಟ್ಟದ್ದು ಅಂತ ಅಲ್ಲ. ಆದರೆ ಬಿತ್ತಿದವನು ನೋಡ್ತಾನೆ, ಬಿತ್ತದವನು ಹೇಳ್ತಾನೆ ಅನ್ನೋ ವ್ಯವಸ್ಥೆ ಅದು. ತೊಗರಿ ಬಗ್ಗೆ ಜೇವರ್ಗಿಯ ರೈತನಿಗೆ ಗೊತ್ತಿದ್ದದ್ದನ್ನು ಬೇರೆ ಜಿಲ್ಲೆಯ ರೈತನಿಗೆ ಕಳಿಸೋದಕ್ಕೆ ಆ ಕೋಳಿ ಜಾಲರಿಯಲ್ಲಿ ದಾರಿ ಇರಲಿಲ್ಲ. ಅದು ಬರೀ ಕೇಳೋ ಕಿವಿ.

ಇನ್ನೊಂದು ಮಾತು. ಸೈಟ್ ಶುರುವಾದಾಗ ತುರ್ತು ಪರಿಸ್ಥಿತಿ ಜಾರಿಯಾಗಿ ಐದು ವಾರ ಆಗಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಹಳ್ಳಿಯ ಅಂಗಳಕ್ಕೆ ಬಂದ ಆ ಪರದೆಯಲ್ಲಿ ಸರ್ಕಾರ ತೋರಿಸಬೇಕು ಅಂದದ್ದು ಮಾತ್ರ ಬರ್ತಿತ್ತು. ಆ ವರ್ಷವನ್ನು ಹೊಗಳುವಾಗ ಇದನ್ನೂ ಜೊತೆಗೇ ಹೇಳಬೇಕು.

ಫೀಡ್‌ಬ್ಯಾಕ್

ಬಳಕೆದಾರರ ಸಂಶೋಧನೆ ಅಂತ ನಾವು ಇವತ್ತು ಐದು ಜನರನ್ನು ಕಾನ್ಫರೆನ್ಸ್ ರೂಮಲ್ಲಿ ಕೂರಿಸಿ, ಬಿಸ್ಕತ್ ಕೊಟ್ಟು, ಬಟನ್ ಎಲ್ಲಿರಬೇಕು ಅಂತ ಕೇಳ್ತೀವಿ. ಸೈಟಿನವರು ಮಾನವಶಾಸ್ತ್ರ ಓದಿದವರನ್ನು ಕೆಲವು ಹಳ್ಳಿಗಳಿಗೆ ಕಳಿಸಿದರು. ಅವರು ತಿಂಗಳುಗಟ್ಟಲೆ ಅಲ್ಲೇ ಉಳಿದರು. ಟಿವಿ ಬರೋಕೆ ಮೊದಲು, ಬಂದಮೇಲೆ, ನಿಂತಮೇಲೆ ಹಳ್ಳಿ ಹೇಗಿದೆ ಅಂತ ಬರೆದುಕೊಂಡರು. ಟಿವಿ ಇದ್ದ ಹಳ್ಳಿ, ಇಲ್ಲದ ಹಳ್ಳಿ ಎರಡನ್ನೂ ಹೋಲಿಸಿದರು. ನಮ್ಮ ಭಾಷೆಯಲ್ಲಿ ಎ/ಬಿ ಟೆಸ್ಟ್.

ಸಿಕ್ಕ ಫಲಿತಾಂಶಗಳಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು: ಟಿವಿಯಿಂದ ಹೆಚ್ಚು ತಿಳಿದುಕೊಂಡವರು ಓದಿದ ಗಂಡಸರಲ್ಲ, ಓದು ಬರಹ ಬಾರದವರು ಮತ್ತು ಹೆಂಗಸರು. ಓದೋಕೆ ಬರೋರಿಗೆ ಪೇಪರಿತ್ತು, ಪೇಟೆಗೆ ಹೋಗೋರಿಗೆ ಪೇಟೆಯ ಸುದ್ದಿ ಇತ್ತು. ಎರಡೂ ಇಲ್ಲದವರಿಗೆ ಇದೊಂದೇ ಕಿಟಕಿ. ನನ್ನ ದೊಡ್ಡಪ್ಪನ ಕಣ್ಣಿಗೆ ಬಿದ್ದ ಆ ಅಂಗಳದ ಹೆಣ್ಣುಮಕ್ಕಳೇ ವರದಿಯಲ್ಲೂ ಬಿದ್ದರು.

ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಇಂಥ ಉಪಗ್ರಹಗಳ ಬಗ್ಗೆ ಬರೆದಿದ್ದರು. ಸೈಟ್ ನಡೆದಾಗ ಇಸ್ರೋದವರು ಕೊಲಂಬೊದ ಅವರ ಮನೆಗೂ ಒಂದು ಡಿಶ್ಶು, ಒಂದು ಸೆಟ್ಟು ಹಾಕಿಕೊಟ್ಟರು. ನಮ್ಮ ಕಡೆಯ ಹಳ್ಳಿಯ ಹುಡುಗನೂ ಆರ್ಥರ್ ಕ್ಲಾರ್ಕೂ ಆಗ ಒಂದೇ ಉಪಗ್ರಹದ ಟಿವಿ ನೋಡಿದರು.

ಸಪೋರ್ಟ್ ಮುಗಿದ ದಿನ

1976ರ ಜುಲೈ 31ಕ್ಕೆ ವರ್ಷ ತುಂಬಿತು. ಒಪ್ಪಂದ ಇದ್ದದ್ದು ಒಂದೇ ವರ್ಷಕ್ಕೆ. ಎಟಿಎಸ್-6 ಮತ್ತೆ ಪಶ್ಚಿಮಕ್ಕೆ ಸರಿದು ಅಮೆರಿಕದ ಕಡೆ ಹೋಯ್ತು. ಕೋಳಿ ಜಾಲರಿ ಮುಗಿಲು ನೋಡ್ತಾ ನಿಂತೇ ಇತ್ತು. ಮೇಲಿಂದ ಬರೋದು ಏನೂ ಇರಲಿಲ್ಲ.

ಸಾಫ್ಟ್‌ವೇರಿನಲ್ಲಿ ಇದನ್ನ ‘ಪೈಲಟ್ ಯಶಸ್ವಿ’ ಅಂತೀವಿ. ನಿಜಕ್ಕೂ ಯಶಸ್ವಿಯೇ. ಭಾರತ ಕಲಿಯಬೇಕಿದ್ದದ್ದನ್ನು ಕಲಿಯಿತು. ಸೈಟ್‌ನ ಪಾಠದಿಂದ ಇನ್ಸಾಟ್ ಸರಣಿ ಬಂತು, 1983ರಲ್ಲಿ ಇನ್ಸಾಟ್-1ಬಿ ಹಾರಿದ ಮೇಲೆ ದೇಶಕ್ಕೆಲ್ಲ ಟಿವಿ ಹರಡಿತು. ದೇಶದ ಲೆಕ್ಕದಲ್ಲಿ ಗೆಲುವು. ಹಳ್ಳಿಯ ಲೆಕ್ಕದಲ್ಲಿ ಆಗಸ್ಟ್ 1ರ ಸಂಜೆ ಸೆಟ್ ಹಚ್ಚಿದರೆ ಚುಕ್ಕಿ ಬಿಟ್ಟು ಬೇರೆ ಏನೂ ಇರಲಿಲ್ಲ. ಎರಡೂ ನಿಜ. ಪೈಲಟ್ ಮಾಡಿದವನಿಗೆ ಮೊದಲನೆಯದು ಕಾಣುತ್ತೆ, ಪೈಲಟ್ ಆದವನಿಗೆ ಎರಡನೆಯದು.

ನಮಗೆ ಪೂರ್ತಿ ಕತ್ತಲಾಗಲಿಲ್ಲ ಅನ್ನೋದನ್ನೂ ಹೇಳಬೇಕು. ಸೈಟ್ ಹಳ್ಳಿಗಳಲ್ಲಿ ಕೆಲವಕ್ಕಾದರೂ ಟಿವಿ ಮುಂದುವರಿಯಲಿ ಅಂತ ಜೈಪುರ, ರಾಯಪುರ, ಮುಜಫ್ಫರಪುರ, ಸಂಬಲಪುರ, ಹೈದರಾಬಾದ್, ಗುಲ್ಬರ್ಗಾಗಳಲ್ಲಿ ನೆಲದ ಟ್ರಾನ್ಸ್‌ಮಿಟರ್ ಹಾಕಿದರು. 1977ರಲ್ಲಿ ಗುಲ್ಬರ್ಗಾ ದೂರದರ್ಶನ ಬಂತು, ಕರ್ನಾಟಕದ ಮೊದಲ ಟಿವಿ ಕೇಂದ್ರ. ಹೊಸ ತಲೆಮಾರಿನವರಿಗೆ ಇದೂ ಗೊತ್ತಿಲ್ಲ.

ಆದರೆ ಉಪಗ್ರಹದ ಜಾಗಕ್ಕೆ ಗೋಪುರ ಬಂದಾಗ ಹಳೇ ಕಾಯಿಲೆ ವಾಪಸ್ ಬಂತು: ದೂರ. ಉಪಗ್ರಹದ ಕಣ್ಣಿಗೆ ಆಳಂದ ಬೇರೆ, ಅಫಜಲಪುರ ಬೇರೆ ಅಂತ ಇರಲಿಲ್ಲ. ಗೋಪುರಕ್ಕೆ ಇತ್ತು. ಆಳಂದ, ಜೇವರ್ಗಿ ಕಲಬುರಗಿಯಿಂದ ಸುಮಾರು 40 ಕಿ.ಮೀ., ಅಫಜಲಪುರ 60 ದಾಟುತ್ತೆ. ಟಿವಿ ಅಲೆ ನೇರ ಗೆರೆಯಲ್ಲಿ ಹೋಗುವಂಥದ್ದು. ದೂರ ಹೆಚ್ಚಾದ ಹಾಗೆ ಭೂಮಿಯ ಡೊಂಕು ಅಡ್ಡ ಬರುತ್ತೆ, ಸಣ್ಣ ಏರು ಇದ್ದರೂ ಹಿಂದಿನ ಊರಿಗೆ ನೆರಳು. ಬಿಜಾಪುರ, ರಾಯಚೂರಿನ ದೂರದ ಹಳ್ಳಿಗಳ ಮಾತಂತೂ ಬಿಡಿ. ಯಾರು ಗೋಪುರಕ್ಕೆ ಹತ್ತಿರವೋ ಅವರಿಗೆ ಚಿತ್ರ, ದೂರ ಇದ್ದವರಿಗೆ ಚುಕ್ಕಿ. ಸಾರಾಭಾಯಿ ತಪ್ಪಿಸಬೇಕು ಅಂದದ್ದು ಇದನ್ನೇ.

ತೊಂಬತ್ತರ ದಶಕದಲ್ಲಿ ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಕಪ್ಪು-ಬಿಳುಪು ಟಿವಿ ಇತ್ತು. ಮಾಳಿಗೆ ಹತ್ತಿ ಆಂಟೆನಾ ತಿರುಗಿಸೋದು ನನ್ನ ಡ್ಯೂಟಿ. ಮೇಲಿಂದ “ಬಂತೇನ್?” ಅಂತ ನಾನು, ಕೆಳಗಿಂದ “ಇನ್ನಾ ಇಲ್ಲೋ, ಚುಕ್ಕಿ ಬರ್ಲಾಕತ್ತಾವ” ಅಂತ ತಂಗಿ. 1997ರಲ್ಲಿ ‘ಶಕ್ತಿಮಾನ್’ ಶುರುವಾದಾಗ ನಾವು ಓಣಿಯ ಹುಡುಗರೆಲ್ಲ ಹಿಂದಿ ಕಲಿತೆವು. ಟಿವಿ ನಮ್ಮದೇ ಆಗಿತ್ತು, ದುಡ್ಡು ಕೊಟ್ಟು ತಂದದ್ದು, ಮನೆಯ ಒಳಗೆ ಇದ್ದದ್ದು. ಆದರೆ ಇಪ್ಪತ್ತೆರಡು ವರ್ಷ ಹಿಂದೆ ಇದೇ ಜಿಲ್ಲೆಯ ಮಕ್ಕಳಿಗೆ ಬೆಳಗ್ಗೆ ಕನ್ನಡದಲ್ಲಿ ವಿಜ್ಞಾನ ಬರ್ತಿತ್ತು ಅಂತ ನಮಗೆ ಯಾರೂ ಹೇಳಿರಲಿಲ್ಲ. ಹಿಂದೆ ಏನೂ ಇರಲಿಲ್ಲ, ನಾವೇ ಮೊದಲು ಅಂತ ಅಂದ್ಕೊಂಡಿದ್ವಿ. ಹಿಂದುಳಿದ ಜಿಲ್ಲೆ ಅಂತ ಹೇಳಿಸಿಕೊಂಡು ಬೆಳೆದವರ ಕಥೆ ಹೀಗೇ. ತಮ್ಮ ಜಿಲ್ಲೆ ಯಾವುದರಲ್ಲೂ ಮೊದಲಿರಬಹುದು ಅನ್ನೋ ಅನುಮಾನ ಕೂಡ ಬರೋದಿಲ್ಲ.

ಈಗಿನ ಮಾಡೆಲ್

2003ರಲ್ಲಿ ನೋಕಿಯಾ 1100 ಬಂತು. ಧೂಳು ಹೋಗದ ಕೀಪ್ಯಾಡ್, ತಲೆಯಲ್ಲಿ ಟಾರ್ಚು. ಸೈಟ್‌ನ ಕೋಳಿ ಜಾಲರಿ ಆದಮೇಲೆ ನಮ್ಮಂಥ ಊರನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ ಗ್ಯಾಜೆಟ್ ಅಂತ ನನಗೆ ಅನ್ನಿಸಿದ್ದು ಅದೊಂದೇ. ಆಮೇಲೆ ದೊಡ್ಡ ಸ್ಪೀಕರಿನ ಅಗ್ಗದ ಫೋನುಗಳು, ತಾಲೂಕಿನ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸೋ ಕಾಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗ ಆಯ್ತು.

ಅದರಿಂದ ಆದ ಒಂದು ಬದಲಾವಣೆ ನಿಜಕ್ಕೂ ದೊಡ್ಡದು. ಸೈಟ್‌ನಲ್ಲಿ ಇಲ್ಲದ ಆ ವಾಪಸ್ ದಾರಿ ಈಗ ಇದೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡೋ ಭಜನಾ ಮಂಡಳಿ ತಾನೇ ಫೋನು ಹಿಡಿದು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತೆ. ತೊಗರಿಗೆ ಯಾವ ರೋಗ ಬಂದಿದೆ ಅಂತ ರೈತ ಫೋಟೊ ಹೊಡೆದು ಕಳಿಸ್ತಾನೆ. ಹೈದರಾಬಾದಿನ ಅಪ್ಪಣೆ ಬೇಕಿಲ್ಲ, ಬೆಂಗಳೂರಿನದ್ದೂ ಬೇಕಿಲ್ಲ.

ಆದರೆ 1975ರಲ್ಲಿ ಇದ್ದದ್ದು ಎರಡು ಈಗ ಇಲ್ಲ. ಒಂದು, ಅಂಗಳ. ಒಂದು ಸೆಟ್ಟಿನ ಮುಂದೆ ನೂರು ಜನ ಕೂತರೆ ಒಬ್ಬ ಸುಳ್ಳು ಅಂತಾನೆ, ಇನ್ನೊಬ್ಬ ಹೌದು ಅಂತಾನೆ, ಮಾಸ್ತರರು ಬಿಡಿಸಿ ಹೇಳ್ತಾರೆ. ಒಬ್ಬೊಬ್ಬರೇ ಫೋನು ಹಿಡಿದು ಮೂಲೆಯಲ್ಲಿ ಕೂತಾಗ ವಾಟ್ಸ್ಆ್ಯಪಿನಲ್ಲಿ ಬಂದದ್ದನ್ನು ಸುಳ್ಳು ಅನ್ನೋರು ಪಕ್ಕದಲ್ಲಿ ಇರೋಲ್ಲ. ಎರಡು, ‘ಇವರಿಗೆ ಇದು ಪ್ರಯೋಜನ ಆಯ್ತಾ’ ಅಂತ ಕೇಳೋರು. ನಮ್ಮನ್ನು ಈಗ ಆಗಿಗಿಂತ ಸಾವಿರ ಪಟ್ಟು ಹೆಚ್ಚು ಅಳೀತಾರೆ. ಎಷ್ಟು ಸೆಕೆಂಡ್ ನೋಡಿದೆವು, ಎಲ್ಲಿ ಬೆರಳು ನಿಲ್ಲಿಸಿದೆವು, ಎಲ್ಲಾ ಗೊತ್ತು. ನೋಡಿ ಏನು ತಿಳಿದುಕೊಂಡರು ಅನ್ನೋ ಕಾಲಂ ಮಾತ್ರ ಆ ಡ್ಯಾಶ್‌ಬೋರ್ಡಿನಲ್ಲಿ ಇರೋದಿಲ್ಲ. ಡ್ಯಾಶ್‌ಬೋರ್ಡ್ ಕಟ್ಟೋ ಕೆಲಸ ನಾನೂ ಮಾಡಿದೀನಿ, ಅದಕ್ಕೇ ಹೇಳ್ತಿದೀನಿ.

ಭಾಷೆಯ ಮಾತು ಬೇರೆಯೇ. ನನ್ನ ಫೋನಿಗೆ ಕನ್ನಡ ಬರುತ್ತೆ, ಆದರೆ ನಮ್ಮವ್ವ ಆಡೋ ಕನ್ನಡ ಬರೋದಿಲ್ಲ. ಆಕಿ “ನಾ ಹೊಲಕ್ಕ ಹೊಂಟೀನಿ” ಅಂದ್ರೆ ವಾಯ್ಸ್ ಟೈಪಿಂಗ್ ಏನೇನೋ ಬರೀತದ. “ನಾನು ಹೊಲಕ್ಕೆ ಹೋಗುತ್ತಿದ್ದೇನೆ” ಅಂದ್ರೆ ಸರಿಯಾಗಿ ಬರೀತದ. ಹಾಗೆ ಮಾತಾಡೋದಾದ್ರೆ ಆಕಿ ಫೋನ್ ಜೊತೆ ಮಾತ್ರ ಹಾಗೆ ಮಾತಾಡಬೇಕು. ಕೃತಕ ಬುದ್ಧಿಮತ್ತೆ ಹಳ್ಳಿಗೆ ಬರ್ತಾ ಇದೆ ಅಂತ ದೊಡ್ಡ ದೊಡ್ಡ ಸ್ಲೈಡ್ ನೋಡ್ತೀವಿ. 1975ರ ತಂತ್ರಜ್ಞಾನ ಕನ್ನಡ ಅಂತ ಒಂದು ಧ್ವನಿಗೆ ಜಾಗ ಕೊಟ್ಟಿತ್ತು. ಐವತ್ತು ವರ್ಷ ಆದಮೇಲೆ ಮುಂದಿನ ಮೆಟ್ಟಿಲು ಯಾವುದು ಅಂತ ಕೇಳಿದರೆ ನನ್ನ ಉತ್ತರ, ನಮ್ಮವ್ವನ ‘ಹೊಂಟೀನಿ’.

ಕೊನೆಗೆ ಒಂದು ಕೆಲಸ

2021ರ ಅಕ್ಟೋಬರಿನಲ್ಲಿ ಕಲಬುರಗಿ ದೂರದರ್ಶನ ಮುಚ್ಚುತ್ತೆ ಅನ್ನೋ ಸುದ್ದಿ ಹರಡಿತು. ನಿಲ್ಲಿಸ್ತಾ ಇರೋದು ಹಳೇ ಅನಲಾಗ್ ಟ್ರಾನ್ಸ್‌ಮಿಟರ್ ಮಾತ್ರ, ಕೇಂದ್ರ ಕಾರ್ಯಕ್ರಮ ತಯಾರಿಸೋದನ್ನು ಮುಂದುವರಿಸುತ್ತೆ, ಅವು ಉಪಗ್ರಹ ಚಾನೆಲ್ಲಿನಲ್ಲಿ ಮತ್ತು ಯೂಟ್ಯೂಬಿನಲ್ಲಿ ಬರ್ತವೆ ಅಂತ ಪ್ರಸಾರ ಭಾರತಿ ಸ್ಪಷ್ಟೀಕರಣ ಕೊಟ್ಟಿತು. ದೇಶದ ತುಂಬ ಅನಲಾಗ್ ಗೋಪುರಗಳು ಹಂತ ಹಂತವಾಗಿ ನಿಂತವು. ಮಾಳಿಗೆ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಈಗ ಯಾರ ಮನೆಯಲ್ಲೂ ಇಲ್ಲ, ಹಾಗಾಗಿ ಯಾರಿಗೂ ನಷ್ಟ ಅನ್ನಿಸಲಿಲ್ಲ. ನನಗೆ ಅನ್ನಿಸಿದ್ದು ಬೇರೆ. ಕರ್ನಾಟಕದ ಮೊದಲ ಟಿವಿ ಕೇಂದ್ರದ ಬಗ್ಗೆ ಬೆಂಗಳೂರಿನ ಬಹಳ ಜನ ಮೊದಲ ಸಲ ಕೇಳಿದ್ದೇ ಅದು ಮುಚ್ಚುತ್ತಂತೆ ಅನ್ನೋ ಸುದ್ದಿಯಲ್ಲಿ.

ಸೈಟ್ ಬಗ್ಗೆ ಓದಬೇಕು ಅಂದ್ರೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಇದೆ. ಆ ಅಂಗಳದಲ್ಲಿ ಕೂತವರು ಹೇಳಿದ್ದು ಕನ್ನಡದಲ್ಲಿ ಎಷ್ಟಿದೆ ಅಂತ ಹುಡುಕಿ ನೋಡಿ. 1975ರಲ್ಲಿ 5ರಿಂದ 12 ವರ್ಷದವರಾಗಿದ್ದ ಆ ಮಕ್ಕಳು ಈಗ ಅರವತ್ತರ ಆಸುಪಾಸಿನವರು. ಕರ್ನಾಟಕದ ಮೊದಲ ಟಿವಿ ಪ್ರೇಕ್ಷಕರು ಅವರು. ದೊಡ್ಡವರಾಗಿ ನೋಡಿದವರಲ್ಲಿ ಬಹಳ ಜನ ಈಗ ಇಲ್ಲ.

ನಿಮ್ಮ ಆಫೀಸಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳದ ಕಡೆಯವರು ಯಾರಾದರೂ ಇದ್ದೇ ಇರ್ತಾರೆ. ಆಗ ಮೂರೇ ಇದ್ದ ಜಿಲ್ಲೆಗಳು ಈಗ ಆರಾಗಿವೆ. ಅದು ನೀವೇ ಆಗಿದ್ದರೆ ಇನ್ನೂ ಒಳ್ಳೇದು. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ್ನೋ, ಕಾಕಾನ್ನೋ, ಆಯಿನ್ನೋ ಕೂರಿಸಿ ಕೇಳಿ: ನಿಮ್ಮೂರಿಗೆ ಟಿವಿ ಬಂದಿತ್ತಾ? ಎಲ್ಲಿ ಇಟ್ಟಿದ್ರು? ಕೀಲಿ ಯಾರ ಹತ್ತಿರ ಇರ್ತಿತ್ತು? ಅಂಗಳದಲ್ಲಿ ಯಾರು ಎಲ್ಲಿ ಕೂರ್ತಿದ್ರು, ಯಾರನ್ನು ದೂರ ಕೂರಿಸ್ತಿದ್ರು? ಯಾವ ಕಾರ್ಯಕ್ರಮ ನೆನಪಿದೆ? ನಿಂತುಹೋದ ದಿನ ಏನು ಮಾಡಿದ್ರಿ? ಆ ಜಾಲರಿ ಕೊನೆಗೆ ಏನಾಯ್ತು?

ಕೈಯಲ್ಲಿರೋ ಫೋನಿನ ರೆಕಾರ್ಡರ್ ಒತ್ತಿ ಪಕ್ಕದಲ್ಲಿಡಿ. ಹೆಸರು, ಊರು, ತಾಲೂಕು, ತಾರೀಖು ಮೊದಲೇ ಹೇಳಿಸಿ. ಅವರು ಹೇಗೆ ಮಾತಾಡ್ತಾರೋ ಹಾಗೇ ಇರಲಿ, ‘ಹೊಂಟೀನಿ’ ಅಂದ್ರೆ ‘ಹೊಂಟೀನಿ’ ಅಂತಲೇ. ನಮ್ಮ ದೊಡ್ಡಪ್ಪನದು ನಲವತ್ತು ನಿಮಿಷ ಆಗಿದೆ, ಇನ್ನೂ ಮುಗಿದಿಲ್ಲ.